ಕೆರೆ ತುಂಬಿದ ಮೇಲೂ ಮುಗಿಯದ ಹಾಡು

ತಾವರಗೇರಾ ಅಂದರೆ ಕಿವಿಗೆ ತಾವರೆಯೂ ಬೀಳುತ್ತದೆ, ಕೆರೆಯೂ ಬೀಳುತ್ತದೆ. ಮಳೆ ನಂಬಿದ ಈ ಸೀಮೆಯಲ್ಲಿ ಕೆರೆಯ ಮಾತೆಂದರೆ ಅನ್ನದ ಮಾತು. ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಹಾಡಿಕೊಂಡು ಬಂದ ‘ಕೆರೆಗೆ ಹಾರ’ವನ್ನು ನಾನು ಮೊದಲು ಕೇಳಿದ್ದು ನಮ್ಮ ಆಯಿಯ ಬಾಯಲ್ಲಿ. ಹಾಡುತ್ತ ಹಾಡುತ್ತ ಆಕಿ ಅಳುತ್ತಿದ್ದಳು. ಶಾಲೆಗೆ ಹೋದ ಮೇಲೆ ಅದೇ ಹಾಡು ‘ತ್ಯಾಗ’ದ ಪಾಠವಾಯಿತು.

ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ. ಹನಿ ನೀರು ಬರುವುದಿಲ್ಲ. ಹೊತ್ತಿಗೆ ತೆಗೆಸಿ ಕೇಳಿದರೆ ಸೊಸೆಯ ಬಲಿ ಬೇಕಂತೆ. ಹಿರಿಸೊಸೆಯನ್ನು ಕೊಟ್ಟರೆ ಮನೆಯ ಹಿರಿತನಕ್ಕೆ ಕುಂದು. ಹಾಗಾದರೆ ಕಿರಿಸೊಸೆ ಭಾಗೀರಥಿ! ಗಂಡ ಮಾದೇವರಾಯ ದಂಡಿನಲ್ಲಿದ್ದಾನೆ, ಕೇಳುವವರಿಲ್ಲ. ಲೆಕ್ಕ ನೋಡಿ ಗೆಳೆಯರೇ, ದೇವರು ಕೇಳಿದ್ದಲ್ಲ ಇದು. ಯಾರು ಹೋದರೆ ಯಜಮಾನಿಕೆಗೆ ನಷ್ಟವಿಲ್ಲವೋ ಅವರನ್ನು ಆರಿಸಿದ್ದು.

ತವರಿಗೆ ಹೋದರೂ ಅವಳು ಬಾಯಿ ಬಿಡಲಿಲ್ಲ. ನಿಜ ಹೇಳಿದ್ದು ಗೆಳತಿಗೆ. ಆ ಗೆಳತಿಯೂ ಒಪ್ಪಿಕೋ ಎಂದಳು. ಮೂರು ಮನೆಯಿದ್ದೂ ಒಂದೂ ಅವಳ ಪಾಲಿಗಿಲ್ಲ. ಇದಕ್ಕಿಂತ ಒಂಟಿತನ ಯಾವುದು?

ಕೆರೆ ತುಂಬಿತು. ಅಲ್ಲಿಗೇ ನಿಲ್ಲಿಸಿದ್ದರೆ ಅದು ಗೌಡನ ಪುಣ್ಯಕಥೆ. ಹಾಡಿದ ಹೆಣ್ಣುಮಕ್ಕಳು ನಿಲ್ಲಿಸಲಿಲ್ಲ. ಕೆಟ್ಟ ಕನಸು ಕಂಡ ಮಾದೇವರಾಯನನ್ನು ಕುದುರೆ ಏರಿಸಿ ಕರೆತಂದರು. ಮನೆಯವರ ಸುಳ್ಳು ಕೇಳಿಸಿದರು. ಗೆಳತಿಯ ಬಾಯಿಂದ ನಿಜ ಹೇಳಿಸಿದರು. ಅವನೂ ಅದೇ ಕೆರೆಗೆ ಹಾರಿದ. ಬಲಿಯನ್ನು ಹಾಡು ಒಪ್ಪಿಲ್ಲ ಅನ್ನುವುದಕ್ಕೆ ಈ ಕೊನೆಯೇ ಸಾಕ್ಷಿ.

ಇದು ನಮ್ಮ ಸೀಮೆಯೊಂದರದೇ ಸಂಕಟವಲ್ಲ. ಸರ್ಬಿಯದ ಜನಪದ ಹಾಡೊಂದರಲ್ಲಿ ಸ್ಕಾದರ್ ಕೋಟೆ ನಿಲ್ಲಲೆಂದು ಮೂವರು ಅಣ್ಣತಮ್ಮಂದಿರಲ್ಲಿ ಕಿರಿಯವನ ಹೆಂಡತಿಯನ್ನೇ ಗೋಡೆಯೊಳಗೆ ಕಟ್ಟುತ್ತಾರೆ. ಅಲ್ಲೂ ಕಿರಿಯಳೇ.

ಕೆರೆಯ ಶಾಸನ ಓದಿ ನೋಡಿ. ಕಟ್ಟಿಸಿದವನ ಹೆಸರಿದೆ, ಬಿಟ್ಟ ಭೂಮಿಯ ಲೆಕ್ಕವಿದೆ. ಮಣ್ಣು ಹೊತ್ತವರು ಎಲ್ಲಿ? ಕಲ್ಲಿನಲ್ಲಿ ಜಾಗ ಸಿಗದವರ ಚರಿತ್ರೆ ಹಾಡಿನಲ್ಲಿದೆ.

ಭಾಗೀರಥಿ ನಮ್ಮ ಕೇರಿಯವಳಲ್ಲ, ಗೌಡರ ಸೊಸೆ. ಆಯಿಯ ತವರೂರ ಕೆರೆಯಲ್ಲಿ ನಮ್ಮವರು ಕೊಡ ಅದ್ದುವಂತಿರಲಿಲ್ಲ. ಮೇಲಿನವರು ಎತ್ತಿ ಹೊಯ್ಯುವ ತನಕ ದೂರ ನಿಂತು ಕಾಯಬೇಕಿತ್ತು. 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಯ ನೀರನ್ನು ಬಾಬಾಸಾಹೇಬರು ಕುಡಿದದ್ದು ಇಂಥ ಕಾಯುವಿಕೆಗೆ ಕೊಟ್ಟ ಉತ್ತರ. ಆ ಸುದ್ದಿ ಆಯಿಯ ಊರಿಗೆ ಬಹಳ ತಡವಾಗಿ ಮುಟ್ಟಿತು.

ನಾನೊಮ್ಮೆ ಕೇಳಿದೆ: ‘ಆಯೀ, ನಿನಗ ನೀರು ಕೊಡದವರ ಸೊಸಿಗೆ ನೀ ಯಾಕ ಅಳತಿ?’

‘ಆಕೀಗೂ ಯಾರೂ ಕೇಳಲಿಲ್ಲಲ್ಲೋ ಮಗಾ’ ಅಂದಳು.

ಅಕ್ಷರ ಬಾರದ ಆಯಿ ಓದಿದ ಪಾಠ ಇದು. ಮೇಷ್ಟ್ರುಗಳೇ, ಮಕ್ಕಳಿಗೆ ಈ ಹಾಡು ಕಲಿಸುವಾಗ ‘ತ್ಯಾಗ’ ಎಂದು ಬರೆಸುವ ಮೊದಲು ಒಂದು ಪ್ರಶ್ನೆ ಬರೆಸಿ: ಅವಳನ್ನು ಕೇಳಿದ್ದರೇನು?