ಲಿಗಮೆಂಟ್ ಶಸ್ತ್ರಚಿಕಿತ್ಸೆಯ ನಂತರ ಮಂಡಿಯ ಚಲನೆ: ಚಿಕಿತ್ಸೆಯ ಇತಿಹಾಸ

ಹರಿದ ಲಿಗಮೆಂಟನ್ನು ಸರಿಪಡಿಸುವ ವಿದ್ಯೆ ಹಳೆಯದು, ಸರಿಪಡಿಸಿದ ಮಂಡಿಯನ್ನು ಮತ್ತೆ ಆಡಿಸುವ ವಿದ್ಯೆ ತೀರ ಈಚಿನದು. 1895ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಮೇಯೊ ರಾಬ್ಸನ್ ಗಣಿ ಕಾರ್ಮಿಕನೊಬ್ಬನ ಮಂಡಿಯೊಳಗಿನ ಲಿಗಮೆಂಟುಗಳನ್ನು ಹೊಲಿದರು. 1917ರಲ್ಲಿ ಬ್ರಿಸ್ಟಲ್‌ನ ಹೇ ಗ್ರೋವ್ಸ್ ತೊಡೆಯ ಹೊರಬದಿಯ ನಾರಿನ ಪಟ್ಟಿಯನ್ನು ತೆಗೆದು, ಮಂಡಿಯೊಳಗಿನ ಮುಂಭಾಗದ ಅಡ್ಡ ಲಿಗಮೆಂಟಾದ ಎಸಿಎಲ್‌ನ ಜಾಗದಲ್ಲಿ ಕೂಡಿಸಿದರು. ಅಲ್ಲಿಂದ ಬಹುಕಾಲ ಶಸ್ತ್ರವೈದ್ಯರನ್ನು ಕಾಡಿದ ಪ್ರಶ್ನೆ ಒಂದೇ: ಕಟ್ಟಿದ್ದು ನಿಲ್ಲುತ್ತದೆಯೇ? ಗಾಯಗೊಂಡ ಕೀಲಿಗೆ ದೀರ್ಘ ವಿಶ್ರಾಂತಿಯೇ ಮದ್ದು ಎಂಬ, 19ನೇ ಶತಮಾನದ ವೈದ್ಯ ಹ್ಯೂ ಓವನ್ ಥಾಮಸ್ ಅವರ ನಂಬಿಕೆ ಬ್ರಿಟಿಷ್ ಮೂಳೆವೈದ್ಯಕೀಯದಲ್ಲಿ ಬೇರೂರಿತ್ತು. ಮೂಳೆ ಮುರಿದವರಿಗೂ ನೀವುವಿಕೆ, ಚಲನೆ ಬೇಕೆಂದು ಅದೇ ಶತಮಾನದಲ್ಲಿ ವಾದಿಸಿದ ಫ್ರಾನ್ಸಿನ ಲ್ಯೂಕಾ ಶಾಂಪಿಯೊನಿಯೇರ್ ಅವರ ಮಾತು ಅಷ್ಟಾಗಿ ನಡೆಯಲಿಲ್ಲ. ಹೀಗಾಗಿ 1970ರ ದಶಕದಲ್ಲೂ ಮಂಡಿಯನ್ನು ತುಸು ಮಡಚಿ, ವಾರಗಟ್ಟಲೆ ಪ್ಲಾಸ್ಟರ್ ಹಾಕಿಡುವುದೇ ವಾಡಿಕೆಯಾಗಿತ್ತು.

ಪ್ಲಾಸ್ಟರ್ ಬಿಚ್ಚಿದಾಗ ಲಿಗಮೆಂಟ್ ಗಟ್ಟಿಯಾಗಿರುತ್ತಿತ್ತು, ಮಂಡಿಯೂ ಗಟ್ಟಿಯಾಗಿರುತ್ತಿತ್ತು. ಅಲುಗದ ಕೀಲಿನೊಳಗೆ ಗಾಯದ ನಾರು ಬೆಳೆದು ಪದರಗಳನ್ನು ಅಂಟಿಸುತ್ತದೆ, ತೊಡೆಯ ಮುಂಭಾಗದ ಸ್ನಾಯು ಸೊರಗುತ್ತದೆ, ಕೀಲಿನ ದ್ರವದಿಂದ ಪೋಷಣೆ ಪಡೆಯುವ ಮೃದ್ವಸ್ಥಿ ಬಡವಾಗುತ್ತದೆ. ಟೊರಾಂಟೊದ ರಾಬರ್ಟ್ ಸಾಲ್ಟರ್ 1970ರ ದಶಕದಲ್ಲಿ ಮೊಲಗಳ ಮೇಲೆ ನಡೆಸಿದ ಪ್ರಯೋಗಗಳು ನಿರಂತರ ಚಲನೆ ಮೃದ್ವಸ್ಥಿಯ ಗಾಯ ಮಾಯಲು ನೆರವಾಗುತ್ತದೆಂದು ತೋರಿಸಿದವು. ರೋಗಿಯ ಕಾಲನ್ನು ತಾನೇ ಮಡಚಿ ಚಾಚುವ ಸಿಪಿಎಂ ಯಂತ್ರ ಹುಟ್ಟಿದ್ದು ಈ ವಿಚಾರದಿಂದ. ತಮಾಷೆಯೆಂದರೆ, ಲಿಗಮೆಂಟ್ ಶಸ್ತ್ರಚಿಕಿತ್ಸೆಯ ಮಟ್ಟಿಗೆ ಯಂತ್ರಕ್ಕಿಂತ ವಿಚಾರವೇ ಹೆಚ್ಚು ಬಾಳಿತು. ರೋಗಿ ತಾನೇ ಮಾಡುವ ವ್ಯಾಯಾಮಕ್ಕಿಂತ ಯಂತ್ರದಿಂದ ಹೆಚ್ಚೇನೂ ಲಾಭವಿಲ್ಲವೆಂದು ಮುಂದಿನ ಹೋಲಿಕೆಗಳು ಕಂಡುಕೊಂಡವು.

ನಿಜವಾದ ತಿರುವು ಬಂದದ್ದು ಹೇಳಿದ ಮಾತು ಕೇಳದ ರೋಗಿಗಳಿಂದ. ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಡೊನಾಲ್ಡ್ ಶೆಲ್ಬೋರ್ನ್ ಮತ್ತು ಪಾಲ್ ನಿಟ್ಜ್, ನಿರ್ಬಂಧ ಮೀರಿ ಬೇಗ ಕಾಲು ಚಾಚಿ ಓಡಾಡಿದವರ ಮಂಡಿಯೇ ಚೆನ್ನಾಗಿರುವುದನ್ನು ಗಮನಿಸಿ, 1990ರಲ್ಲಿ ವೇಗದ ಪುನಶ್ಚೇತನ ಕ್ರಮವನ್ನು ಪ್ರಕಟಿಸಿದರು. ಇಷ್ಟು ಬೇಗ ಆಡಿಸಿದರೆ ಗ್ರಾಫ್ಟ್ (ಲಿಗಮೆಂಟಿನ ಜಾಗದಲ್ಲಿ ಕೂಡಿಸಿದ ರಜ್ಜು) ಸಡಿಲವಾಗದೇ ಎಂಬ ಆಕ್ಷೇಪ ಹುರುಳಿಲ್ಲದ್ದಲ್ಲ. ಕೂಡಿಸಿದ ಸ್ನಾಯುರಜ್ಜು ಮೊದಲ ಕೆಲವು ವಾರ ದುರ್ಬಲವಾಗುತ್ತದೆ. ಆದರೆ ಕಾಲು ಪೂರ್ತಿ ಚಾಚುವುದೇ ಬೇರೆ, ಮೈದಾನದಲ್ಲಿ ಸರ್ರನೆ ತಿರುಗುವುದೇ ಬೇರೆ. ಸರಿಯಾದ ಜಾಗದಲ್ಲಿ ಕೂಡಿಸಿದ ಗ್ರಾಫ್ಟ್‌ಗೆ ಮೊದಲನೆಯದು ಅಪಾಯವಲ್ಲ. ಶೆಲ್ಬೋರ್ನ್ ಅವರ ರೋಗಿಗಳಲ್ಲೂ ಸಡಿಲಿಕೆ ಹೆಚ್ಚಲಿಲ್ಲ. ಎಲ್ಲ ಶ್ರೇಯಸ್ಸನ್ನು ವ್ಯಾಯಾಮಕ್ಕೇ ಕೊಡುವುದೂ ತಪ್ಪು. ಸಣ್ಣ ರಂಧ್ರದ ಮೂಲಕ ಕೀಲಿನೊಳಗೆ ನೋಡಿ ಮಾಡುವ ಆರ್ತ್ರೊಸ್ಕೊಪಿ ಮತ್ತು ಗ್ರಾಫ್ಟನ್ನು ಮೂಳೆಗೆ ಬಿಗಿಯುವ ಸ್ಕ್ರೂಗಳು 1980ರ ದಶಕದಲ್ಲಿ ಸುಧಾರಿಸದಿದ್ದರೆ ಈ ಧೈರ್ಯ ಬರುತ್ತಿರಲಿಲ್ಲ.

ಮಡಚುವುದಕ್ಕಿಂತ ಚಾಚುವುದು ಮೊದಲು ಎಂಬ ಕ್ರಮ ಗಟ್ಟಿಯಾದದ್ದೂ ಆಗಲೇ. ಐದು ಡಿಗ್ರಿ ಕಡಿಮೆ ಮಡಚಿದರೆ ನಡಿಗೆಗೆ ಗೊತ್ತಾಗದು. ಐದು ಡಿಗ್ರಿ ಕಡಿಮೆ ಚಾಚಿದರೆ ನಿಂತಾಗಲೂ ತೊಡೆಯ ಸ್ನಾಯು ದುಡಿಯುತ್ತಲೇ ಇರಬೇಕು. ಗ್ರಾಫ್ಟ್‌ನ ಮುಂದೆ ನಾರಿನ ಗಂಟು ಬೆಳೆದು ಕಾಲು ಚಾಚಲು ಅಡ್ಡವಾಗುವ ತೊಂದರೆಗೆ ಜ್ಯಾಕ್ಸನ್ ಮತ್ತು ಶೇಫರ್ 1990ರಲ್ಲಿ ಸೈಕ್ಲಾಪ್ಸ್ ಎಂದು ಹೆಸರಿಟ್ಟರು. ಗಾಯವಾದ ಕೂಡಲೇ ಶಸ್ತ್ರಚಿಕಿತ್ಸೆ ಮಾಡಿದರೆ ಬಿಗಿತ ಹೆಚ್ಚು, ಮೂರು ವಾರ ಕಾಯಿರಿ ಎಂದು ಶೆಲ್ಬೋರ್ನ್ ತಂಡ 1991ರಲ್ಲಿ ಹೇಳಿತು. ಅನಂತರದ ಕೆಲವು ಅಧ್ಯಯನಗಳಲ್ಲಿ ಈ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಇಂದು ಅನೇಕ ವೈದ್ಯರು ಕ್ಯಾಲೆಂಡರ್ ನೋಡುವ ಬದಲು ಊತ ಇಳಿದಿದೆಯೇ, ಕಾಲು ಪೂರ್ತಿ ಚಾಚುತ್ತದೆಯೇ ಎಂದು ನೋಡುತ್ತಾರೆ. ಮಡಚುವಿಕೆಯ ಗುರಿ ಮಾತ್ರ ಬದುಕಿನ ರೀತಿಗೆ ತಕ್ಕಂತೆ ಬದಲಾಗುತ್ತದೆ: ಸಮತಟ್ಟು ನೆಲದ ನಡಿಗೆಗೆ ಸುಮಾರು 60ರಿಂದ 70 ಡಿಗ್ರಿ ಸಾಕು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರುವವರಿಗೂ ಕುಕ್ಕರುಗಾಲಲ್ಲಿ ಕೂರುವವರಿಗೂ 120 ಡಿಗ್ರಿ ದಾಟಬೇಕು.