ಲೇಸಾನ್ ದ್ವೀಪದ ಕೆಂಪು ಹಕ್ಕಿ

ರಾಜ್ಯಗಳ ಪತನವನ್ನು ವಿವರಿಸುವ ಇತಿಹಾಸಕಾರನು ಕೊನೆಯ ಯುದ್ಧವೊಂದನ್ನೇ ಹೇಳಿ ಸುಮ್ಮನಾಗುವುದಿಲ್ಲ. ಬೊಕ್ಕಸವು ಯಾವಾಗ ಬರಿದಾಯಿತು, ಕೋಟೆಯ ಗೋಡೆ ಯಾವಾಗ ಶಿಥಿಲವಾಯಿತು, ಅದನ್ನು ಸರಿಪಡಿಸುವ ಅವಕಾಶ ಯಾರ ಕೈ ತಪ್ಪಿತು ಎಂಬುದನ್ನೂ ವಿಚಾರಿಸುತ್ತಾನೆ. ಒಂದು ಹಕ್ಕಿಯ ಕುಲವು ನಶಿಸಿದ ವೃತ್ತಾಂತವನ್ನೂ ಇದೇ ಕ್ರಮದಲ್ಲಿ ಪರಿಶೀಲಿಸಬೇಕೆಂದು ನಮ್ಮ ಅಭಿಪ್ರಾಯ. ಅದಕ್ಕೆ ಲೇಸಾನ್ ದ್ವೀಪದ ಕಥೆಯು ತಕ್ಕ ಉದಾಹರಣೆ. ವಿದ್ವಾಂಸರು ಅಲ್ಲಿನ ಒಂದು ಹಾಡುಹಕ್ಕಿಗೆ ಹೆಸರಿಟ್ಟದ್ದು ೧೮೯೨ರಲ್ಲಿ. ಅದರ ಕುಲ ಮುಗಿದದ್ದು ೧೯೨೩ರಲ್ಲಿ. ಈ ಅಲ್ಪಕಾಲದಲ್ಲಿ ನಡೆದುದನ್ನು ಕಣ್ಣಾರೆ ಕಂಡವರು ಬರೆದಿಟ್ಟಿರುವುದರಿಂದ ಊಹೆಗೆ ಹೆಚ್ಚಿನ ಅವಕಾಶವಿಲ್ಲ.

ಪೆಸಿಫಿಕ್ ಮಹಾಸಾಗರದಲ್ಲಿ ಹೊನೊಲುಲು ನಗರದಿಂದ ವಾಯವ್ಯಕ್ಕೆ ಸುಮಾರು ೯೦೦ ಮೈಲಿ ಹೋದರೆ ಈ ದ್ವೀಪವು ಸಿಗುತ್ತದೆ. ಹವಳ ಮತ್ತು ಮರಳಿನಿಂದಾದ ಇದರ ವಿಸ್ತೀರ್ಣ ಸುಮಾರು ಒಂದು ಸಾವಿರ ಎಕರೆ ಮಾತ್ರ. ನಡುವೆ ಒಂದು ಉಪ್ಪುನೀರಿನ ಕೊಳ. ಅದರ ಸುತ್ತಲೂ ಹುಲ್ಲು, ಪೊದೆ, ಹೂಬಳ್ಳಿ. ಕಡಲ ಹಕ್ಕಿಗಳು ಲಕ್ಷಗಟ್ಟಲೆ ಇಲ್ಲಿಗೆ ಬಂದು ಮರಿಮಾಡುತ್ತಿದ್ದುವು. ಇವಲ್ಲದೆ ಈ ದ್ವೀಪವನ್ನೇ ತವರಾಗಿ ಉಳ್ಳ ನೆಲದ ಹಕ್ಕಿಗಳು ಐದು ಬಗೆಯವು ಇದ್ದುವು. ಆ ಐದರಲ್ಲಿ ಅತ್ಯಂತ ಮನೋಹರವಾದುದು ಇಂಗ್ಲಿಷಿನಲ್ಲಿ ‘ಲೇಸಾನ್ ಹನಿಕ್ರೀಪರ್’ ಎಂದು ಕರೆಯುವ ಹಕ್ಕಿ. ಉದ್ದ ಸುಮಾರು ಐದು ಅಂಗುಲ. ಮೈಯ ಬಹುಭಾಗ ಉಜ್ಜ್ವಲವಾದ ಕೆಂಪು. ನಮ್ಮ ತೋಟಗಳ ಸೂರಕ್ಕಿಯಂತೆ ಹೂವಿನ ಮಕರಂದವನ್ನು ಹೀರುತ್ತಿತ್ತು, ಹುಳುಗಳನ್ನೂ ತಿನ್ನುತ್ತಿತ್ತು. ದ್ವೀಪದಲ್ಲಿ ಎತ್ತರವಾದ ಕಾಡಿಲ್ಲದುದರಿಂದ ಹುಲ್ಲಿನ ತೆಂಡೆಗಳೂ ಕುರುಚಲು ಪೊದೆಗಳೂ ಅದಕ್ಕೆ ಮನೆಯಾಗಿದ್ದುವು. ಹುಲ್ಲೂ ಹೂವೂ ಹೋದರೆ ಹಕ್ಕಿಯೂ ಹೋಯಿತೆಂದೇ ತಿಳಿಯಬೇಕು.

೧೮೯೦ರ ದಶಕದಲ್ಲಿ ಮನುಷ್ಯನು ಇಲ್ಲಿ ನೆಲೆನಿಂತದ್ದು ಹಕ್ಕಿಗಳ ಹಿಕ್ಕೆಯಿಂದಾದ ಗೊಬ್ಬರಕ್ಕಾಗಿ. ಅದನ್ನು ಅಗೆದು ಹಡಗುಗಳಲ್ಲಿ ಸಾಗಿಸಿದರು. ಈ ಕೆಲಸದ ಮೇಲ್ವಿಚಾರಕನಾಗಿದ್ದ ಮ್ಯಾಕ್ಸ್ ಶ್ಲೆಮ್ಮರ್ ಎಂಬಾತನು ೧೯೦೩ರ ಸುಮಾರಿಗೆ ದ್ವೀಪದಲ್ಲಿ ಮೊಲಗಳನ್ನು ಬಿಟ್ಟನು. ಅವುಗಳ ಮಾಂಸವನ್ನು ಡಬ್ಬಿಗಳಲ್ಲಿ ತುಂಬಿ ಮಾರಬೇಕೆಂಬುದು ಅವನ ಉದ್ದೇಶ. ವ್ಯಾಪಾರವು ಫಲಿಸಲಿಲ್ಲ, ಮೊಲಗಳು ಮಾತ್ರ ಫಲಿಸಿದುವು. ಅವುಗಳನ್ನು ತಿನ್ನುವ ನರಿಯಾಗಲಿ ತೋಳವಾಗಲಿ ಅಲ್ಲಿರಲಿಲ್ಲ.

ಸರ್ಕಾರವು ಕಣ್ಣುಮುಚ್ಚಿ ಕುಳಿತಿತ್ತೆಂದು ಹೇಳುವುದು ನ್ಯಾಯವಲ್ಲ. ೧೯೦೯ರಲ್ಲಿ ಅಮೆರಿಕದ ಅಧ್ಯಕ್ಷ ಥಿಯೊಡೋರ್ ರೂಸ್ವೆಲ್ಟರು ಲೇಸಾನನ್ನೂ ನೆರೆಯ ಕಿರುದ್ವೀಪಗಳನ್ನೂ ಪಕ್ಷಿಗಳ ರಕ್ಷಿತ ಪ್ರದೇಶವೆಂದು ಸಾರಿದರು. ಅದೇ ವರ್ಷವೇ ಗರಿಗಳ ವ್ಯಾಪಾರಕ್ಕಾಗಿ ಬಂದ ಬೇಟೆಗಾರರು ಲಕ್ಷಗಟ್ಟಲೆ ಕಡಲ ಹಕ್ಕಿಗಳನ್ನು ಕೊಂದರು. ೧೯೧೦ರ ಜನವರಿಯಲ್ಲಿ ‘ಥೀಟಿಸ್’ ಎಂಬ ಸರ್ಕಾರಿ ಹಡಗು ಹೋಗಿ ೨೩ ಮಂದಿಯನ್ನು ಸೆರೆಹಿಡಿಯಿತು. ದೊಣ್ಣೆ ಹಿಡಿದ ಶತ್ರುವನ್ನು ಕಾನೂನು ಹೀಗೆ ಹಿಡಿಯಬಲ್ಲುದಾಯಿತು. ಹುಲ್ಲು ಮೇಯುತ್ತಿದ್ದ ಶತ್ರುವಿಗೆ ಯಾವ ಶಾಸನವನ್ನು ಓದಿ ಹೇಳುವುದು?

೧೯೧೧ರಲ್ಲಿ ಐಯೋವ ವಿಶ್ವವಿದ್ಯಾಲಯದ ತಂಡವೊಂದು ಅಲ್ಲಿಗೆ ಹೋದಾಗ ಕೆಂಪು ಹಕ್ಕಿಗಳು ಸುಮಾರು ಮುನ್ನೂರು ಉಳಿದಿದ್ದುವೆಂದು ಅಂದಾಜು ಮಾಡಿದರು. ಮೊಲಗಳ ಹಾವಳಿಯು ಆಗಲೇ ಸ್ಪಷ್ಟವಾಗಿತ್ತು. ಆದುದರಿಂದ ೧೯೧೨ರ ಕೊನೆಯಲ್ಲಿ ಅಮೆರಿಕ ಸರ್ಕಾರದ ಜೀವಸರ್ವೇಕ್ಷಣ ಶಾಖೆಯವರು ಮೊಲಗಳನ್ನು ನಿರ್ಮೂಲ ಮಾಡಲೆಂದೇ ಒಂದು ತಂಡವನ್ನು ಕಳುಹಿಸಿದರು. ಅವರು ೧೯೧೩ರವರೆಗೆ ಅಲ್ಲಿದ್ದು ಐದು ಸಾವಿರಕ್ಕೂ ಮೇಲ್ಪಟ್ಟು ಮೊಲಗಳನ್ನು ಕೊಂದರು. ಅಷ್ಟರಲ್ಲಿ ಮದ್ದುಗುಂಡು ತೀರಿತು. ಇನ್ನೂ ಸಾವಿರಾರು ಮೊಲಗಳು ಉಳಿದಿರುವಾಗಲೇ ತಂಡವು ಹಿಂದಿರುಗಿತು.

ಈ ವೃತ್ತಾಂತದ ಮರ್ಮವೆಲ್ಲ ಇಲ್ಲಿದೆ. ಋಣಶೇಷ, ಅಗ್ನಿಶೇಷ, ಶತ್ರುಶೇಷಗಳನ್ನು ಉಳಿಸಬಾರದೆಂದು ನಮ್ಮ ನೀತಿಜ್ಞರು ಎಚ್ಚರಿಸಿರುವುದು ಶ್ರೋತೃಗಳಿಗೆ ತಿಳಿದದ್ದೇ. ಶೇಷವು ಮತ್ತೆ ಬೆಳೆಯುತ್ತದೆ. ಲೇಸಾನಿನಲ್ಲಿ ಬೆಳೆಯಿತು. ಹತ್ತು ವರ್ಷ ಯಾರೂ ಆ ಕೆಲಸವನ್ನು ಪೂರೈಸಲಿಲ್ಲ.

೧೯೨೩ರ ಏಪ್ರಿಲಿನಲ್ಲಿ ಅಲೆಕ್ಸಾಂಡರ್ ವೆಟ್ಮೋರ್ ಎಂಬ ಪಕ್ಷಿಶಾಸ್ತ್ರಜ್ಞರ ನಾಯಕತ್ವದಲ್ಲಿ ‘ಟ್ಯಾನಜರ್’ ಎಂಬ ನೌಕೆಯಲ್ಲಿ ಇನ್ನೊಂದು ತಂಡವು ಬಂದಿಳಿಯಿತು. ಹಸಿರು ದ್ವೀಪವು ಮರಳುಗಾಡಾಗಿತ್ತು. ಮೊದಲು ಇದ್ದ ೨೬ ಬಗೆಯ ಗಿಡಗಳಲ್ಲಿ ನಾಲ್ಕು ಮಾತ್ರ ಉಳಿದಿದ್ದುವು. ಕೆಂಪು ಹಕ್ಕಿಗಳು ಮೂರೇ ಮೂರು. ಡೊನಾಲ್ಡ್ ಡಿಕಿ ಎಂಬುವರು ಅವುಗಳಲ್ಲೊಂದು ಹಾಡುತ್ತಿದ್ದಾಗ ಅದರ ಚಲಚ್ಚಿತ್ರವನ್ನು ತೆಗೆದರು. ಆ ಕಾಲದ ಚಿತ್ರವು ಮೂಕಿಯಾದುದರಿಂದ ಕೊಕ್ಕು ತೆರೆಯುವುದನ್ನು ನೋಡಬಹುದೇ ಹೊರತು ಹಾಡನ್ನು ಕೇಳುವಂತಿಲ್ಲ. ಅನಂತರ ಮೂರು ದಿನಗಳ ಕಾಲ ಬಿರುಗಾಳಿ ಬೀಸಿತು. ಮರಳನ್ನು ಹಿಡಿದು ನಿಲ್ಲಿಸುವ ಬೇರುಗಳಿರಲಿಲ್ಲ. ಹಕ್ಕಿ ಅಡಗುವುದಕ್ಕೆ ಪೊದೆಗಳಿರಲಿಲ್ಲ. ಗಾಳಿ ನಿಂತ ಮೇಲೆ ಆ ಮೂರು ಹಕ್ಕಿಗಳು ಯಾರ ಕಣ್ಣಿಗೂ ಬೀಳಲಿಲ್ಲ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ, ಉಳಿದಿದ್ದ ಮೊಲಗಳನ್ನು ಒಂದೂ ಬಿಡದೆ ತೆಗೆದುಹಾಕಿದ್ದು ಇದೇ ತಂಡ.

ಕೊಂದದ್ದು ಬಿರುಗಾಳಿಯೆಂದು ಹೇಳುವುದು ಸುಲಭ. ಆದರೆ ಅಂಥ ಗಾಳಿಗಳು ಸಾಗರಮಧ್ಯದ ದ್ವೀಪಕ್ಕೆ ಹೊಸವಲ್ಲ. ಹುಲ್ಲಿನ ಮರೆಯಲ್ಲಿ ಆ ಕುಲವು ಅವನ್ನು ಸಹಿಸಿಕೊಂಡೇ ಬಾಳಿತ್ತು. ೧೯೨೩ರಲ್ಲಿ ಪೂರೈಸಿದ ಕೆಲಸವನ್ನು ೧೯೧೩ರಲ್ಲಿಯೇ ಪೂರೈಸಿದ್ದರೆ ಅದು ಉಳಿಯುವ ಸಂಭವವಿದ್ದಿತು. ಆಗ ಬೇಕಾಗಿದ್ದುದು ಹೊಸ ಶಾಸನವಲ್ಲ, ಹೊಸ ಜ್ಞಾನವೂ ಅಲ್ಲ. ಇನ್ನಷ್ಟು ತೋಟಾಗಳು, ಇನ್ನು ಕೆಲವು ತಿಂಗಳ ಸಂಬಳ.

ಐದು ಬಗೆಯ ಹಕ್ಕಿಗಳಲ್ಲಿ ಲೇಸಾನಿನ ಬಾತು ಮತ್ತು ಫಿಂಚ್ ಎಂಬ ಎರಡು ಬದುಕಿಕೊಂಡುವು. ಹಾರಲಾರದ ರೈಲ್ ಎಂಬ ಕಿರುಕೋಳಿಯನ್ನು ಮೊದಲೇ ಮಿಡ್ವೇ ದ್ವೀಪಕ್ಕೂ ಒಯ್ದಿದ್ದರು. ಯುದ್ಧಕಾಲದಲ್ಲಿ ಅಲ್ಲಿಗೆ ಇಲಿಗಳು ಸೇರಿ, ೧೯೪೪ರ ತರುವಾಯ ಅದೂ ಕಾಣಲಿಲ್ಲ. ಮಿಲರ್‌ಬರ್ಡ್ ಎಂಬ ಇನ್ನೊಂದು ಪುಟ್ಟ ಹಾಡುಹಕ್ಕಿಯು ೧೯೨೩ಕ್ಕೆ ಮುಂಚೆಯೇ ಅಳಿದಿತ್ತು. ಮೊಲಗಳು ಹೋದ ಮೇಲೆ ಲೇಸಾನ್ ಕ್ರಮೇಣ ಮರಳಿ ಹಸಿರಾಯಿತು. ೨೦೧೧ ಮತ್ತು ೨೦೧೨ರಲ್ಲಿ ನಿಹೋವ ದ್ವೀಪದಿಂದ ಈ ಮಿಲರ್‌ಬರ್ಡಿನ ಹತ್ತಿರದ ಬಂಧುವಾದ ೫೦ ಹಕ್ಕಿಗಳನ್ನು ತಂದು ಅಲ್ಲಿ ಬಿಟ್ಟರು. ಅವು ಗೂಡು ಕಟ್ಟಿ ಮರಿಮಾಡಿದುವು. ಕೆಂಪು ಹಕ್ಕಿಯ ಸ್ಥಾನದಲ್ಲಿ ತಂದು ಬಿಡುವುದಕ್ಕೆ ಅದರ ಕುಲದ್ದೊಂದು ಎಲ್ಲಿಯೂ ಉಳಿದಿಲ್ಲ. ಆರಂಭಿಸಿದ ರಕ್ಷಣೆಯನ್ನು ನಡುವೆ ಕೈಬಿಟ್ಟರೆ ಎಷ್ಟು ನಷ್ಟವಾಗುವುದೆಂಬುದಕ್ಕೆ ಇದಕ್ಕಿಂತ ಬೇರೆ ಲೆಕ್ಕವು ಬೇಕಾಗಿಲ್ಲ.