ಗೋಮಾದ ಕಲ್ಲುನೆಲ

1994ರ ಜುಲೈ ಮಧ್ಯಭಾಗ. ರುವಾಂಡಾದಿಂದ ಗಡಿ ದಾಟಿ ಅಂದಿನ ಝೈರ್ ದೇಶದ ಗೋಮಾ ಪಟ್ಟಣಕ್ಕೆ ನಾಲ್ಕೈದು ದಿನಗಳಲ್ಲಿ ಬಂದವರು ಕಡಿಮೆಯೆಂದರೂ 5 ಲಕ್ಷ. 8 ಲಕ್ಷ ಎನ್ನುವ ಅಂದಾಜೂ ಇದೆ. ಪಟ್ಟಣದ ಒಂದು ಕಡೆ ಕಿವು ಸರೋವರ, ಇನ್ನೊಂದು ಕಡೆ ಜ್ವಾಲಾಮುಖಿ. ಲಾವಾ ಆರಿ ಗಟ್ಟಿಯಾದ ಕಪ್ಪು ಕಲ್ಲೇ ಅಲ್ಲಿನ ನೆಲ. ಹಾರೆ ಇಳಿಯದ ಆ ನೆಲದಲ್ಲಿ ಕಕ್ಕಸಿನ ಗುಂಡಿ ತೋಡುವುದೇ ದುಸ್ತರವಾಯಿತು. ಆಮೇಲೆ ಗೋರಿ ತೋಡುವುದೂ.

ಜನ ಸರೋವರದ ನೀರನ್ನೇ ಕುಡಿದರು, ಬಯಲಿನಲ್ಲೇ ಕೂತರು. ವಾರದೊಳಗೆ ಕಾಲರಾ ಕಾಣಿಸಿಕೊಂಡಿತು, ಅದರ ಬೆನ್ನಿಗೇ ರಕ್ತಭೇದಿ. ಮೊದಲ ವಾರ ಪರಿಹಾರ ಸಂಸ್ಥೆಗಳು ಕೊಡಲು ಸಾಧ್ಯವಾದ ಶುದ್ಧ ನೀರು ತಲೆಗೆ ದಿನಕ್ಕೆ ಸುಮಾರು 200 ಮಿಲಿಲೀಟರ್, ಅಂದರೆ ಒಂದು ಲೋಟ. ಕಾಲರಾ ಬಲವಾಗಿ ಹಿಡಿದವನ ಮೈಯಿಂದ ದಿನಕ್ಕೆ 10 ಲೀಟರಿಗೂ ಹೆಚ್ಚು ನೀರು ಹೋಗಬಹುದು. ಮದ್ದು ಯಾರಿಗೂ ಗೊತ್ತಿಲ್ಲದ್ದೇನೂ ಆಗಿರಲಿಲ್ಲ. 1971ರಲ್ಲೇ ಬಂಗಾಳದ ಬೋನಗಾಂವ್‌ನಲ್ಲಿ, ಪೂರ್ವ ಪಾಕಿಸ್ತಾನದಿಂದ ಬಂದ ನಿರಾಶ್ರಿತರ ನಡುವೆ, ಡಾ. ದಿಲೀಪ್ ಮಹಲನಾಬಿಸ್ ಉಪ್ಪು-ಸಕ್ಕರೆಯ ದ್ರಾವಣ ಕುಡಿಸಿ ಜೀವ ಉಳಿಸಿದ್ದರು. ಆದರೆ ಅದನ್ನು ಕಲಸಲಿಕ್ಕೂ ಒಳ್ಳೆಯ ನೀರು ಬೇಕಲ್ಲ! ಒಂದೇ ತಿಂಗಳಲ್ಲಿ ಸತ್ತವರು 50,000ದ ಹತ್ತಿರ. ಚಾಪೆಯಲ್ಲಿ ಸುತ್ತಿ ರಸ್ತೆ ಬದಿಗಿಟ್ಟ ಹೆಣಗಳನ್ನು ಲಾರಿಗಳು ಹೊತ್ತೊಯ್ದವು.

ಇವರು ಯಾರು ಎಂಬ ಪ್ರಶ್ನೆಯನ್ನು ದಾಟಿ ಹೋಗುವಂತಿಲ್ಲ. ಅದೇ ವರ್ಷ ಏಪ್ರಿಲ್‌ನಿಂದ ಜುಲೈವರೆಗೆ ರುವಾಂಡಾದಲ್ಲಿ ಸುಮಾರು 8 ಲಕ್ಷ ಜನರ, ಬಹುಪಾಲು ಟುಟ್ಸಿಗಳ, ನರಮೇಧ ನಡೆದಿತ್ತು. ಕೊಂದವರೂ ಈ ಗುಂಪಿನಲ್ಲೇ ಬಂದಿದ್ದರು. ಹೆಂಗಸರು, ಮುದುಕರು, ಮಕ್ಕಳ ಜೊತೆಗೇ. ಶಿಬಿರಗಳ ಯಜಮಾನಿಕೆಯನ್ನೂ, ಪಡಿತರದ ಪಟ್ಟಿಯನ್ನೂ ಅವರೇ ಹಿಡಿದುಕೊಂಡರು. ಇದಕ್ಕೆ ನಾವು ಕೈಜೋಡಿಸಲಾರೆವೆಂದು ‘ಗಡಿಗಳಿಲ್ಲದ ವೈದ್ಯರು’ ಸಂಸ್ಥೆಯ ಫ್ರೆಂಚ್ ಶಾಖೆ 1994ರ ನವೆಂಬರಿನಲ್ಲಿ ಹೊರಟುಹೋಯಿತು. ಬೇರೆ ಹಲವರು ಉಳಿದರು. ಹೋದವರದು ತಪ್ಪೆನ್ನಲು ನನಗೆ ಬಾಯಿ ಬರುವುದಿಲ್ಲ. ಆದರೂ ನನ್ನ ಒಲವು ಉಳಿದವರ ಕಡೆಗೇ. ಡಬ್ಬಿ ಹಿಡಿದು ನಲ್ಲಿಯ ಮುಂದೆ ನಿಂತ ಮಗುವಿಗೆ, ನಿನ್ನಪ್ಪ ಊರಲ್ಲಿ ಏನು ಮಾಡಿ ಬಂದ ಎಂದು ಕೇಳಿ ನೀರು ಹಾಕುವುದು ಹೇಗೆ?

1996ರಲ್ಲಿ ಈ ಇಡೀ ಪರಿಹಾರ ಕಾರ್ಯದ ದೊಡ್ಡ ವಿಮರ್ಶೆ ಹೊರಬಂತು. ಮರುವರ್ಷ ಸಂಸ್ಥೆಗಳು ಸೇರಿ ‘ಸ್ಫಿಯರ್’ ಎಂಬ ಯೋಜನೆ ಆರಂಭಿಸಿದವು. 2000ದಲ್ಲಿ ಅದರ ಕೈಪಿಡಿ ಬಂತು. ಒಬ್ಬರಿಗೆ ದಿನಕ್ಕೆ 15 ಲೀಟರ್ ನೀರು, ನಮ್ಮ ಮನೆಗಳ ಒಂದು ದೊಡ್ಡ ಕೊಡದಷ್ಟು. 20 ಜನಕ್ಕೆ ಒಂದು ಕಕ್ಕಸು. ತಲೆಯ ಮೇಲೆ ಸೂರಿರುವ ಜಾಗ ಒಬ್ಬರಿಗೆ 3.5 ಚದರ ಮೀಟರ್, ಎರಡು ಚಾಪೆ ಹಾಸುವಷ್ಟು. ಇದು ಕಾನೂನಲ್ಲ, ಸಂಸ್ಥೆಗಳು ತಮಗೆ ತಾವೇ ಹಾಕಿಕೊಂಡ ಕಟ್ಟುಪಾಡು. ಆ ಅಂಕಿಗಳನ್ನು ಓದುವಾಗ ನನಗೆ ಗೋಮಾದ ಲೋಟವೇ ಕಣ್ಮುಂದೆ ಬರುತ್ತದೆ.

ಆ ಶಿಬಿರಗಳು 1996ರ ಕೊನೆಯಲ್ಲಿ ಬಂದೂಕಿನ ಬಲದಿಂದಲೇ ಬರಿದಾದವು. ಝೈರ್ ಮರುವರ್ಷ ಕಾಂಗೋ ಆಯಿತು. 2022ರಿಂದ ಎಂ23 ಬಂಡುಕೋರರ ಯುದ್ಧ ಭುಗಿಲೆದ್ದಾಗ ಲಕ್ಷಾಂತರ ಜನ ಮತ್ತೆ ಗೋಮಾದ ಸುತ್ತ, ಅದೇ ಲಾವಾ ಕಲ್ಲಿನ ಮೇಲೆ, ಪ್ಲಾಸ್ಟಿಕ್ ಹಾಳೆಗಳ ಕೆಳಗೆ ಬಿಡಾರ ಹೂಡಿದರು. ಕಾಲರಾ ಮತ್ತೆ ಬಂತು. 2025ರ ಜನವರಿಯಲ್ಲಿ ನಗರ ಬಂಡುಕೋರರ ಕೈಸೇರಿತು. ಕೆಲವೇ ದಿನಗಳಲ್ಲಿ ಬಿಡಾರ ಕಿತ್ತು ಊರಿಗೆ ಮರಳಿ ಎಂಬ ಆಜ್ಞೆ ಅವರಿಗೂ ಬಂತು.